ಬ್ರೇಕ್ ಇನ್ಸ್‌ಪೆಕ್ಟರ್ ಎದುರಿಗೆ ನಿಂತ ದಿನ

ಎಂಬತ್ತರ ದಶಕದ ನಡುವಿನ ಮಾತು. ಆಗ ನಾನು ಜೇವರ್ಗಿಯ ಒಬ್ಬ ಸಾವಕಾರರ ಲಾರಿ ಓಡಿಸುತ್ತಿದ್ದೆ. ತೊಗರಿಯ ಸುಗ್ಗಿ ಬಂತೆಂದರೆ ಅವರ ಅಡತಿ ಅಂಗಡಿಯಲ್ಲಿ ಚೀಲ ಹೇರಿಕೊಂಡು, ನೆಲೋಗಿ ದಾಟಿ, ಅಫಜಲಪುರದ ಮೇಲೆ ಸೊಲ್ಲಾಪುರಕ್ಕೆ ಹೋಗುವುದು, ಮರುದಿನ ತಿರುಗಿ ಬರುವುದು. ಕ್ಲೀನರ್ ಆಗಿ ನನ್ನ ಜೊತೆಗಿದ್ದವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಒಂದು ಕಾಲಕ್ಕೆ ಅವರೇ ಡ್ರೈವರ್; ಕಣ್ಣಿಗೆ ಪೊರೆ ಬಂದು ಲೈಸೆನ್ಸ್ ಹೋದ ಮೇಲೆ ಎಡಗಡೆಯ ಸೀಟಿಗೆ ಬಂದಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಆ ವಾರ ಲಾರಿಯ ಬ್ರೇಕ್ ಸರಿ ಇರಲಿಲ್ಲ. ಒಮ್ಮೆ ತುಳಿದರೆ ಪೆಡಲು ತಳಕ್ಕೇ ಹೋಗುತ್ತಿತ್ತು. ಎರಡು, ಮೂರು ಸಲ ತುಳಿದ ಮೇಲೆ ಹಿಡಿಯುತ್ತಿತ್ತು. ಎಣ್ಣೆ ಹಾಕಿದರೆ ಎಲ್ಲಿಂದಲೋ ಸೋರಿ ಹೋಗುತ್ತಿತ್ತು. ಸಾವಕಾರರಿಗೆ ಎರಡು ಸಲ ಹೇಳಿದ್ದೆ. “ಇದೊಂದು ಟ್ರಿಪ್ ಹೊಡಿ, ಬಂದ ಮ್ಯಾಲ ಬಿಚ್ಚಸೋಣು” ಎಂದು ಎರಡು ಸಲವೂ ಅಂದಿದ್ದರು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ದೂರದಿಂದಲೇ ಅಂದಾಜು ಹಿಡಿದು ನಿಲ್ಲಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೆ. ಅದನ್ನು ನನ್ನ ಹುಷಾರಿ ಎಂದೇ ತಿಳಿದಿದ್ದೆ.

ಭೀಮಾ ನದಿಯ ಸೇತುವೆ ದಾಟಿ ಬರುವಾಗ ಬೆಳಿಗ್ಗೆ ಹತ್ತು ಗಂಟೆಯಾಗಿರಬೇಕು. ಅಫಜಲಪುರ ಇನ್ನೂ ಸ್ವಲ್ಪ ದೂರವಿತ್ತು. ರಸ್ತೆಯ ಬದಿಗೆ ಜೀಪು, ಅದರ ಮುಂದೆ ಖಾಕಿ ತೊಟ್ಟ ಬ್ರೇಕ್ ಇನ್ಸ್‌ಪೆಕ್ಟರ್. ಅವರು ಕೈ ಎತ್ತಿದರು. ನಾನು ಜೀಪನ್ನು ದಾಟಿ ಎರಡು ಲಾರಿಯಷ್ಟು ಮುಂದೆ ಹೋಗಿ ನಿಂತೆ.

ಅವರು ನಿಧಾನವಾಗಿ ನಡೆದು ಬಂದರು. ಮೈಸೂರು ಕಡೆಯವರು ಎಂದು ಮಾತಿನಲ್ಲೇ ಗೊತ್ತಾಯಿತು.

“ಇಷ್ಟು ದೂರ ಬಂದು ಯಾಕೆ ನಿಲ್ಲಿಸಿದೆ?”

“ಬಾಜೂಕ ಜಾಗ ನೋಡಿ ನಿಲ್ಲಿಸಿದ್ನಿರಿ, ಸಾಹೇಬ್ರ.”

ಅವರು ನನ್ನ ಮುಖವನ್ನೊಮ್ಮೆ, ಮುಂದಿನ ಗಾಲಿಯನ್ನೊಮ್ಮೆ ನೋಡಿದರು. ಪರ್ಮಿಟ್, ಟ್ಯಾಕ್ಸ್, ವಿಮೆ, ಎಲ್ಲ ಕಾಗದಗಳೂ ಸರಿ ಇದ್ದವು. ಆದರೂ ಬಿಡಲಿಲ್ಲ. ಅಫಜಲಪುರದ ಅಂಚಿಗಿದ್ದ ಹತ್ತಿ ಗಿರಣಿಯಲ್ಲಿ ಲಾರಿ ತೂಗುವ ಕಾಟಾ ಇತ್ತು. ಅಲ್ಲಿಗೆ ನಡೆ ಎಂದು ಜೀಪಿನಲ್ಲಿ ನಮ್ಮ ಬೆನ್ನ ಹಿಂದೆಯೇ ಬಂದರು. ತೂಗಿದರೆ ಹದಿನಾಲ್ಕು ಚೀಲದಷ್ಟು ಭಾರ ಹೆಚ್ಚಿತ್ತು. ಹಮಾಲರು ಬಂದು ಅಷ್ಟನ್ನೂ ಇಳಿಸಿದರು. ಕೇಸು ಬರೆದು ಬಿಡುತ್ತಾರೆ, ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಪುಸ್ತಕ ಮುಚ್ಚಿ, “ಈಗ ಬ್ರೇಕ್ ನೋಡೋಣ” ಎಂದರು.

ಗಿರಣಿಯ ಹೊರಗೆ ರಸ್ತೆ ನೆಟ್ಟಗಿತ್ತು. ಅವರು ಸುಣ್ಣದ ಕಲ್ಲಿನಿಂದ ಒಂದು ಗೆರೆ ಎಳೆದು ಅದರ ಆಚೆ ನಿಂತರು. ಮೊದಲ ಸಲ ಎರಡನೇ ಗೇರಿನಲ್ಲಿ ಬಂದು, ಕೈಗೆ ಬಂದ ಆಟವನ್ನೆಲ್ಲ ಆಡಿ, ಗೆರೆಗೆ ಒಂದು ಮಾರು ಈಚೆ ನಿಲ್ಲಿಸಿದೆ. ನಾನು ಗೇರ್ ಇಳಿಸಿ ನಿಲ್ಲಿಸಿದ್ದು ಅವರಿಗೆ ಇಂಜಿನ್ನಿನ ಸದ್ದಿನಿಂದಲೇ ತಿಳಿಯಿತು.

“ಇನ್ನೊಂದು ಸಲ ಬಾ. ಆ ಬೇವಿನ ಮರದಿಂದ, ಮೂರನೇ ಗೇರಲ್ಲಿ. ನಾನು ಕೈ ಎತ್ತಿದಾಗ ಬ್ರೇಕ್ ತುಳಿ, ಅಷ್ಟೇ. ಗೇರ್ ಇಳಿಸಬಾರದು, ಹ್ಯಾಂಡ್ ಬ್ರೇಕ್ ಮುಟ್ಟಬಾರದು.”

ಮತ್ತೆ ಹೋಗಿ ಅದೇ ಜಾಗದಲ್ಲಿ ನಿಂತರು.

ಲಾರಿಯನ್ನು ಬೇವಿನ ಮರದ ತನಕ ಹಿಂದೆ ಒಯ್ದೆ. ಕಾಕಾ ನನ್ನ ಕಡೆ ತಿರುಗಿ, “ತಮ್ಮಾ, ಇಳದು ಹೋಗಿ ಹೇಳಿಬಿಡು” ಎಂದರು.

“ಹೇಳಿದ್ರ ನೌಕರಿ ಹೋಗ್ತದ, ಕಾಕಾ.”

“ಹೇಳಲಿಲ್ಲಂದ್ರ?”

ನಿಂತಲ್ಲೇ ನಾಲ್ಕೈದು ಸಲ ಪೆಡಲು ತುಳಿದೆ. ಕಾಲಿಗೆ ಗಟ್ಟಿ ಹತ್ತಿತು. ಒಂದು ಸಲಕ್ಕಾದರೂ ಹಿಡಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾಕಾ ಬಾಗಿಲು ತೆರೆದು, “ಹಂಗಾದ್ರ ನಾ ಇದರಾಗ ಕೂಡೂದಿಲ್ಲ” ಎಂದು ಇಳಿದುಬಿಟ್ಟರು.

ನಾನು ಗಾಡಿ ಬಿಟ್ಟೆ.

ಮೂರನೇ ಗೇರಿಗೆ ಬಂದಾಗ ಎದುರಿಗೆ ಅವರು ಸಣ್ಣದಾಗಿ ಕಾಣುತ್ತಿದ್ದರು. ನೋಡನೋಡುತ್ತಿದ್ದಂತೆ ಟೋಪಿ ಕಂಡಿತು, ಅಂಗಿಯ ಗುಂಡಿಗಳು ಕಂಡವು. ಕೈ ಎತ್ತಿದರು. ತುಳಿದೆ. ಪೆಡಲು ತಳಕ್ಕೆ ಹೋಯಿತು. ಮತ್ತೆ ತುಳಿದೆ, ಏನೂ ಹತ್ತಲಿಲ್ಲ. ಅವರು ಕೈ ಇಳಿಸಲಿಲ್ಲ, ಅಲ್ಲಾಡಲೂ ಇಲ್ಲ. ಸ್ಟೇರಿಂಗನ್ನು ಎರಡೂ ಕೈಯಿಂದ ಎಡಕ್ಕೆ ಎಳೆದೆ. ಲಾರಿ ರಸ್ತೆ ಬಿಟ್ಟು, ತೊಗರಿ ಕೊಯ್ದ ಹೊಲಕ್ಕೆ ಹಾರಿತು. ಹಗ್ಗ ಹರಿದು ಚೀಲಗಳು ಉರುಳಿದವು. ನನ್ನ ಹಣೆ ಗಾಜಿಗೆ ಬಡಿಯಿತು. ಎರೆಮಣ್ಣಿನಲ್ಲಿ ಗಾಲಿ ಹೂತು ಗಾಡಿ ವಾಲಿಕೊಂಡು ನಿಂತಿತು.

ಕಾಕಾ ಓಡಿ ಬಂದು ನನ್ನನ್ನು ಇಳಿಸಿದರು. ಅವರ ಹಿಂದೆ ಇನ್ಸ್‌ಪೆಕ್ಟರ್ ಬಂದರು. ಅವರ ಮುಖ ಬಿಳಿಚಿಕೊಂಡಿತ್ತು.

“ಪೆಟ್ಟಾಯ್ತಾ?”

“ಇಲ್ರಿ.”

ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವರು ತಮ್ಮ ಕರವಸ್ತ್ರ ಕೊಟ್ಟರು. ಕಾಕಾ ನೀರು ತರಲು ಗಿರಣಿಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: “ಬ್ರೇಕ್ ಇಲ್ಲ ಅಂತ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ರಿ.”

“ಗೊತ್ತಿದ್ದೂ ಬಂದೆ.”

ಅದು ಪ್ರಶ್ನೆಯಾಗಿರಲಿಲ್ಲ. ಅವರು ಹೊಲದ ಬದುವಿನ ಮೇಲೆ ಕುಳಿತರು. ಪುಸ್ತಕ ತೆರೆದು ಲಾರಿಯ ನಂಬರು ಬರೆದುಕೊಂಡರು.

ಗಿರಣಿಯಿಂದ ಫೋನ್ ಹೋಗಿ, ಮಧ್ಯಾಹ್ನದ ಹೊತ್ತಿಗೆ ಸಾವಕಾರರು ಬಂದರು. ವಾಲಿದ ಲಾರಿಯನ್ನೂ ಮಣ್ಣುಪಾಲಾದ ತೊಗರಿಯನ್ನೂ ನೋಡಿದರು. ನನ್ನನ್ನು ನೋಡಲಿಲ್ಲ.

“ಬ್ರೇಕ್ ಹೋಗಿರೋದು ನಿಮಗೆ ತಿಳಿದಿತ್ತಾ?” ಎಂದು ಇನ್ಸ್‌ಪೆಕ್ಟರ್ ಕೇಳಿದರು.

“ಇಲ್ರಿ ಸಾಹೇಬ್ರ. ಇಂವ ಒಂದ್ ಮಾತೂ ಹೇಳಿಲ್ಲ ನನಗ.”

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು. ಸಾವಕಾರರೂ ಆಗ ನನ್ನನ್ನು ನೋಡಿದರು. ಸುಮ್ಮನಿದ್ದರೆ ನೌಕರಿ ಉಳಿಯಬಹುದಿತ್ತು.

“ಎರಡ್ ಸಲ ಹೇಳೇನ್ರಿ. ಅಡತಿ ಮುಂದ ಒಮ್ಮೆ, ಗಾಡಿ ಹೇರುವಾಗ ಒಮ್ಮೆ.”

“ಹೌದ್ರಿ, ನಾ ಅಲ್ಲೇ ಇದ್ನಿ” ಎಂದರು ಕಾಕಾ. ಅವರನ್ನು ಯಾರೂ ಕೇಳಿರಲಿಲ್ಲ.

ಸಾವಕಾರರ ಮೇಲೂ ನನ್ನ ಮೇಲೂ ಕೇಸಾಯಿತು. ನನ್ನ ಲೈಸೆನ್ಸ್ ಮೂರು ತಿಂಗಳು ಅಮಾನತಾಯಿತು. ನೌಕರಿ ನನ್ನದೂ ಹೋಯಿತು, ಕಾಕಾ ಅವರದೂ ಹೋಯಿತು.

ನಾನು ನರೋಣಾಕ್ಕೆ, ನನ್ನ ಊರಿಗೆ ಬಂದೆ. ಸುದ್ದಿ ನನಗಿಂತ ಮೊದಲೇ ಬಂದಿತ್ತು, ಬೇರೆ ರೂಪದಲ್ಲಿ. ಬ್ರೇಕ್ ಹಠಾತ್ತನೆ ಹೋಯಿತಂತೆ, ಜೀವದ ಹಂಗು ತೊರೆದು ಹೊಲಕ್ಕೆ ಇಳಿಸಿ ಸಾಹೇಬರನ್ನು ಉಳಿಸಿದನಂತೆ. ಚಹಾದಂಗಡಿಯಲ್ಲಿ ಜನ ನನ್ನನ್ನು ಕರೆದು ಚಹಾ ಕುಡಿಸಿದರು. ನಾನು ಅಲ್ಲ ಎನ್ನಲಿಲ್ಲ. ಮೊದಮೊದಲು ತಲೆ ತಗ್ಗಿಸುತ್ತಿದ್ದೆ. ಬರಬರುತ್ತಾ ಒಂದೆರಡು ಮಾತು ನಾನೂ ಸೇರಿಸಿದೆ.

ತಿಂಗಳ ಮೇಲೆ ಕಾಕಾ ನನ್ನನ್ನು ನೋಡಲು ಬಂದರು. ಅವರೆದುರಿಗೇ ಒಬ್ಬರು ಆ ಕಥೆ ಹೇಳಿದರು. ಕಾಕಾ ಪೂರಾ ಕೇಳಿಸಿಕೊಂಡರು. ಬಸ್ಸಿಗೆ ಕಾಯುವಾಗ ಮಾತ್ರ, “ಊರಿಗೆಲ್ಲಾ ಹೇಳಬ್ಯಾಡ. ನಿನ್ನ ಹೆಂಡ್ತಿಗರೆ ಖರೇ ಹೇಳು” ಎಂದರು.

ಅಂದು ಸಂಜೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಆ ಸಾಹೇಬ್ರಿಗೆ ತಪ್ಪಾತು ಅಂದಿರೇನು?”

“ಇಲ್ಲ.”

“ಹೋಗಿ ಅಂದು ಬರ್ರಿ.”

ಮೂರು ತಿಂಗಳು ಮುಗಿದ ಮೇಲೆ ಲೈಸೆನ್ಸ್ ತರಲು ಹೋದಾಗ, ಹೇಳಬೇಕಾದ ಮಾತನ್ನು ಬಸ್ಸಿನ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ. ಆರ್‌ಟಿಓ ಆಫೀಸಿನಲ್ಲಿ ಆ ಸಾಹೇಬರಿರಲಿಲ್ಲ, ವರ್ಗವಾಗಿ ಹೋಗಿದ್ದರು. ಯಾವ ಊರಿಗೆಂದು ಗುಮಾಸ್ತರಿಗೂ ಗೊತ್ತಿರಲಿಲ್ಲ. ಸಹಿ ಮಾಡಿ ಲೈಸೆನ್ಸ್ ತೆಗೆದುಕೊಂಡು ಬಂದೆ.

ಮುಂದೆ ಆಳಂದದ ಒಬ್ಬ ವ್ಯಾಪಾರಿ ನನಗೆ ತಮ್ಮ ಲಾರಿ ಕೊಟ್ಟರು. ಮೊದಲ ದಿನ, ಮಾಲು ಹೇರುವ ಮೊದಲೇ, ಖಾಲಿ ಗಾಡಿಯನ್ನು ಊರ ಹೊರಗೆ ಒಯ್ದೆ. ಯಾರೂ ಇಲ್ಲದ ರಸ್ತೆಯಲ್ಲಿ ಹತ್ತಾರು ಸಲ ಬ್ರೇಕ್ ತುಳಿದು ನೋಡಿದೆ. ಪ್ರತಿ ಸಲವೂ ಹಿಡಿಯಿತು. ಆದರೂ ಗಾಡಿ ತಿರುಗಿಸುವ ಮೊದಲು ಇನ್ನೊಂದು ಸಲ ತುಳಿದು ನೋಡಿದೆ.