ಕಪ್ಪು ಪಟ್ಟಿಯ ಕೆಳಗಿನ ವಿಳಾಸ

ಓಶ್ ನಗರದ ಮೇಲೆ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬಿಸಿ ರೊಟ್ಟಿಗಳನ್ನು ಕಂಕುಳಲ್ಲಿರಿಸಿಕೊಂಡೇ ಬುರುಲ್ಕಾನ್ ವಕೀಲರ ತರಬೇತಿ ಕೊಠಡಿಯ ಬೀಗ ತೆಗೆಯುತ್ತಾರೆ. ಚಹಾಕ್ಕೆ ನೀರಿಟ್ಟು, ಹದಿನಾಲ್ಕು ಕಂಪ್ಯೂಟರುಗಳನ್ನು ಒಂದೊಂದಾಗಿ ಎಬ್ಬಿಸುತ್ತಾರೆ. ಆರೂವರೆಯಿಂದ ಎಂಟರವರೆಗೆ ಊರಿನ ವಕೀಲರು ಅರವತ್ತೊಂದು ವರ್ಷದ ಈ ನಿವೃತ್ತ ಬೆರಳಚ್ಚುಗಾರ್ತಿಯ ವಿದ್ಯಾರ್ಥಿಗಳು. ಎಲ್ಲರ ಬಾಯಲ್ಲೂ ಅವರು 'ಎಜೆ', ಅಂದರೆ ಅಕ್ಕ.

ವರ್ಷಕ್ಕೆ ಇಪ್ಪತ್ತು ಗಂಟೆ ಕಲಿಯದಿದ್ದರೆ ವಕೀಲರ ಪರವಾನಗಿಗೇ ಕುತ್ತು. ಹೆಚ್ಚಿನವರು ಬರುವುದು ಹಾಜರಿಯ ಸಹಿಗಾಗಿ.

"ಸಹಿ ಮೊದಲೇ ಹಾಕಿಬಿಡಿ ಎಜೆ. ಇಪ್ಪತ್ತು ವರ್ಷ ವಾದ ಮಾಡಿದೋನಿಗೆ ಮೌಸ್ ಹಿಡಿಯೋದು ಕಲಿಸ್ತೀರಾ?" ಎಂದು ವಕೀಲ ರಿಸ್ಪೆಕ್ ನಗುತ್ತಾರೆ.

"ವಾದ ನಿನಗೆ ಬರುತ್ತೆ ತಮ್ಮಾ. ನಿನ್ನ ಕಡತ ನಿನ್ನ ಬೆನ್ನ ಹಿಂದೆ ಏನು ಬಾಯಿಬಿಡುತ್ತೆ, ಗೊತ್ತಾ? ನಿನ್ನೆ ಕೋರ್ಟಿನ ಜಾಲತಾಣಕ್ಕೆ ಸಲ್ಲಿಸಿದ್ದನ್ನ ತೆಗಿ."

ಅದು ಗಂಡನ ಹೊಡೆತಕ್ಕೆ ಹೆದರಿ ತಲೆಮರೆಸಿಕೊಂಡ ಹೆಣ್ಣೊಬ್ಬಳ ರಕ್ಷಣಾ ಅರ್ಜಿ. ಗಂಡನ ಕಣ್ಣಿಗೆ ಬೀಳದಿರಲೆಂದು ಆಕೆಯ ಹೊಸ ವಿಳಾಸದ ಮೇಲೆ ದಪ್ಪನೆಯ ಕಪ್ಪು ಪಟ್ಟಿ. ಬುರುಲ್ಕಾನ್ ಆ ಪಟ್ಟಿಯ ಮೇಲೆ ಮೌಸ್ ಎಳೆದು, ನಕಲಿಸಿ, ಖಾಲಿ ಪುಟದಲ್ಲಿ ಅಂಟಿಸುತ್ತಾರೆ. ಬೀದಿಯ ಹೆಸರು, ಮನೆಯ ಸಂಖ್ಯೆ, ಮಗಳು ಹೋಗುವ ಶಿಶುವಿಹಾರ: ಎಲ್ಲವೂ ಅಚ್ಚುಕಟ್ಟಾಗಿ ಮೂಡುತ್ತವೆ. ಪಟ್ಟಿ ಅಕ್ಷರಗಳನ್ನು ಮುಚ್ಚಿತ್ತು, ಅಳಿಸಿರಲಿಲ್ಲ.

ರಿಸ್ಪೆಕ್ ಕುರ್ಚಿಯಿಂದೆದ್ದು ಪರದೆಯತ್ತ ಬಗ್ಗುತ್ತಾರೆ.

"ಇದು... ಎಂಟಕ್ಕೆ ಕೋರ್ಟಿನಿಂದ ಗಂಡನ ವಕೀಲರಿಗೆ ಹೋಗುತ್ತೆ."

ಗಡಿಯಾರದಲ್ಲಿ ಏಳು ನಲವತ್ತು.

"ಎಂಟರವರೆಗೆ ಹಿಂಪಡೆಯೋಕೆ ಅವಕಾಶ ಇದೆ. ನಿನ್ನ ಖಾತೆಯ ಗುಪ್ತಪದ ಹಾಕು."

"ನನಗೆ ಗೊತ್ತಿಲ್ಲ ಎಜೆ. ನಮ್ಮ ಆಫೀಸಿನ ಟೈಪಿಸ್ಟ್ ಝಮೀರಾಗೆ ಗೊತ್ತು, ಸಲ್ಲಿಸೋದೆಲ್ಲ ಅವಳೇ."

ಝಮೀರಾ ಫೋನ್ ಎತ್ತುವುದಿಲ್ಲ. ಎರಡನೆಯ ಕರೆಗೂ ಇಲ್ಲ. ಮೂರನೆಯದಕ್ಕೆ ನಿದ್ದೆಗಣ್ಣಿನ ದನಿಯೊಂದು ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳುತ್ತದೆ. ಏಳು ಐವತ್ತಾರಕ್ಕೆ ಪರದೆಯ ಮೇಲೆ ಉತ್ತರ: ಅರ್ಜಿ ಹಿಂಪಡೆಯಲಾಗಿದೆ, ಯಾರೂ ತೆರೆದಿಲ್ಲ.

ಅಷ್ಟರಲ್ಲಿ ಉಳಿದವರೂ ತಂತಮ್ಮ ಕಡತಗಳ ಮೇಲೆ ಮೌಸ್ ಎಳೆದಾಗಿದೆ. ಇನ್ನೂ ನಾಲ್ವರ ಕಪ್ಪು ಪಟ್ಟಿಗಳು ಹೀಗೆಯೇ ಕಳಚಿವೆ.

ಜಿಲ್ಲಾ ನ್ಯಾಯಾಲಯವೊಂದರಲ್ಲಿ ಇಪ್ಪತ್ತೇಳು ವರ್ಷ ಬೆರಳಚ್ಚು ಮಾಡಿದ ಬುರುಲ್ಕಾನ್ ಈ ವಿದ್ಯೆ ಕಲಿತದ್ದು ಆಘಾತದಿಂದಲೇ. "ಇಂಥದ್ದೇ ಒಂದು ಕಡತ ನನ್ನ ಕೈಯಿಂದಲೇ ಹೋಗಿತ್ತು. ಮೂರನೇ ದಿನ ಗಂಡ ಅವಳ ಬಾಗಿಲಲ್ಲಿ ನಿಂತಿದ್ದ. ಪಕ್ಕದ ಮನೆಯವರು ಓಡಿ ಬಂದ್ರು, ಜೀವ ಉಳೀತು. ಅವಳ ಬಲಗೈ ಮಾತ್ರ ಇವತ್ತಿಗೂ ಮೇಲೇಳಲ್ಲ," ಎನ್ನುವಾಗ ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸುತ್ತಾರೆ.

ರಿಸ್ಪೆಕ್ ಹಾಜರಿ ಪುಸ್ತಕವನ್ನು ಬದಿಗೆ ಸರಿಸುತ್ತಾರೆ. "ಇವತ್ತಿನ ಸಹಿ ಬೇಡ ಎಜೆ."

"ಬಂದಿದೀಯ, ತಗೋ. ಆದ್ರೆ ಮೊದಲು ಅರ್ಜಿ ಹಾಕಿದ ಆ ಹುಡುಗಿಗೆ ಫೋನ್ ಮಾಡಿ ನಡೆದದ್ದು ಪೂರ್ತಿ ಹೇಳು. ಬೈದ್ರೆ ಬೈಸ್ಕೋ."

ಬುರುಲ್ಕಾನ್ ಅವರಿಗಿರುವ ಆಸೆ ಒಂದೇ: ಮುಂದಿನ ತರಗತಿಗೆ ಇನ್ನೊಂದು ಕುರ್ಚಿ. "ಝಮೀರಾನೂ ಬರಲಿ. ನಿಜವಾದ ಕೆಲಸ ಮಾಡೋಳು ಅವಳು. ನಾನೂ ಅವಳ ಜಾಗದಲ್ಲೇ ಕೂತಿದ್ದೆ, ಯಾರೂ ಇಂಥ ತರಗತಿಗೆ ಕರೀಲಿಲ್ಲ."