ಇಸ್ತ್ರಿ ಅಕ್ಕನ ಪ್ರಾರ್ಥನೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಇದ್ದದ್ದು ಚರ್ಚಿನ ಸಭೆಯೊಂದೇ. ಅಕ್ಕ ಪ್ರಾರ್ಥನೆಗೆ ನಿಂತಳೆಂದರೆ ಕಲ್ಲೂ ಕರಗಬೇಕು. ಪಾಸ್ಟರರ ಪ್ರಸಂಗಕ್ಕೆ ತೂಕಡಿಸುವ ಮುದುಕರೂ ಆಗ ನೆಟ್ಟಗೆ ಕೂರುತ್ತಿದ್ದರು. ಪಾಪ, ಪಾಸ್ಟರರಿಗೂ ಇದು ಗೊತ್ತಿತ್ತು.

ಹರಿದ ಹೊದಿಕೆಗಳಿಗೆ ತೇಪೆ ಹಾಕಲು ಹೊಸದಾಗಿ ಒಬ್ಬಳು ಕೆಲಸಕ್ಕೆ ಸೇರಿದಳು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು. ಅಕ್ಕ ತನ್ನ ಊಟದ ಡಬ್ಬಿಯನ್ನು ಅವಳ ಹೊಲಿಗೆ ಯಂತ್ರದ ಪಕ್ಕಕ್ಕೆ ಸಾಗಿಸಿದಳು, ಹೊಲಿಗೆ ತಂಗಿ ಎಂದು ತಾನೇ ಹೆಸರಿಟ್ಟಳು. ಮೂರು ತಿಂಗಳಲ್ಲಿ ತಂಗಿ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಸಭೆಗೆ ಬರತೊಡಗಿದಳು, ಬೈಬಲಿನಲ್ಲಿ ತಿಳಿಯದ್ದನ್ನು ಕೇಳತೊಡಗಿದಳು. ಅಕ್ಕನ ಒಂಟಿ ಬದುಕಿಗೆ ಜೀವ ಬಂದಿತ್ತು. ಒಂದು ದಿನ ಕಂಬಳಿ ಮಡಿಸುತ್ತ ತಂಗಿ ಮನಸ್ಸು ಬಿಚ್ಚಿದಳು. ಗಂಡ ಎಲ್ಲರಿಗೂ ಹೇಳಿದ ಹಾಗೆ ಹಡಗಿನಲ್ಲಿ ಕೆಲಸಕ್ಕಿಲ್ಲ, ಜೈಲಿನಲ್ಲಿದ್ದಾನೆ. ಹಡಗಿನ ಕಥೆ ಮಗಳಿಗಾಗಿ ಕಟ್ಟಿದ್ದು. ಯಾರಿಗೂ ಗೊತ್ತಾಗಬಾರದೆಂದು ಅಕ್ಕನ ಕೈ ಹಿಡಿದು ಕೇಳಿಕೊಂಡಳು.

ಅಕ್ಕನಿಗೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗಾಯಿತು. ಬುಧವಾರ ಸಂಜೆ ಪ್ರಾರ್ಥನಾ ಕೂಟದಲ್ಲಿ ಮೂವತ್ತು ಜನ ಕಣ್ಣು ಮುಚ್ಚಿ ಕೂತಿದ್ದರು. ಅಕ್ಕ ಮೊದಲು ರೋಗಿಗಳಿಗಾಗಿ, ಆಮೇಲೆ ವಿಧವೆಯರಿಗಾಗಿ ಬೇಡಿದಳು. ಸ್ವರ ಏರಿತು, ಕಣ್ಣೀರು ಇಳಿಯಿತು, ಅಲ್ಲಲ್ಲಿ ಬಿಕ್ಕುವ ಸದ್ದು ಕೇಳಿಸಿತು.

"ಕರ್ತನೇ, ನಮ್ಮ ಹೊಲಿಗೆ ತಂಗಿಯ ಗಂಡನನ್ನ ಆ ಜೈಲಿಂದ ಬಿಡಿಸಪ್ಪಾ."

ಎಲ್ಲರೂ ಒಕ್ಕೊರಲಿನಿಂದ ಆಮೆನ್ ಎಂದರು. ಕಣ್ಣು ತೆರೆದಾಗ ಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದಳು. ತಾಯಿ ಅವಳ ಕೈ ಹಿಡಿದು ಎದ್ದು ಹೋದಳು.

ಮಾರನೆಯ ದಿನ ಹೊಲಿಗೆ ಯಂತ್ರ ಇನ್ನೊಂದು ಕೋಣೆಗೆ ಹೋಯಿತು. ಭಾನುವಾರ ತಾಯಿ ಮಗಳು ಸಭೆಗೆ ಬರಲಿಲ್ಲ. ಬಾಯಿ ತಪ್ಪಿ ಬಂತೆಂದು ಅಕ್ಕ ಎಲ್ಲರೆದುರು ಹೇಳಿಕೊಂಡಳು. ಒಳ್ಳೆಯ ಮನಸ್ಸಿನಿಂದ ಬೇಡಿದ್ದಲ್ಲವೇ ಎಂದು ಸಭೆಯವರು ಅವಳನ್ನೇ ಸಮಾಧಾನಪಡಿಸಿದರು. ಒಳ್ಳೆಯ ಮನಸ್ಸು ಎಂಬ ಮಾತಿಗೆ ಅಲ್ಲಿ ಎಂದೂ ಬರವಿರಲಿಲ್ಲ. ಆದರೂ ಅಕ್ಕ ಇಷ್ಟು ವರ್ಷಗಳಲ್ಲಿ ಮೊದಲ ಸಲ ಒಂದು ಹೊದಿಕೆ ಸುಟ್ಟಳು. ತಂಗಿಯನ್ನು ಕಳೆದುಕೊಂಡರೆ ತನಗೆ ಇನ್ನಾರಿದ್ದಾರೆ ಎಂಬ ಭಯ ಒಂದು ಕಡೆ, ಆ ತಾಯಿ ಮಗಳು ದೇವರಿಂದಲೇ ದೂರವಾದರೆ ಎಂಬ ಭಯ ಇನ್ನೊಂದು ಕಡೆ.

ಮೂರು ವಾರ ಕಳೆದ ಮೇಲೆ, ಒಂದು ರಜೆಯ ಮಧ್ಯಾಹ್ನ, ಧೈರ್ಯ ಮಾಡಿ ಅವಳ ಮನೆಗೆ ಹೋದಳು. ಬಾಗಿಲು ತೆರೆದ ತಂಗಿ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅಪ್ಪನ ಹೆಸರೆತ್ತಿದರೆ ಮಗಳು ಕಿವಿ ಮುಚ್ಚಿಕೊಳ್ಳುತ್ತಾಳೆಂದು ಮಾತ್ರ ಹೇಳಿದಳು. ಏನು ಮಾಡಬೇಕೋ ತೋಚದೆ ಅಕ್ಕ ಅಭ್ಯಾಸಬಲದಿಂದ ಕೈ ಜೋಡಿಸಿ ಕಣ್ಣು ಮುಚ್ಚಿದಳು.

"ಬೇಡ ಅಕ್ಕ," ಎಂದಳು ತಂಗಿ. "ದೇವರ ಹತ್ರ ಆಮೇಲೆ ಮಾತಾಡಿ. ಈಗ ನನ್ನ ಹತ್ರ ಮಾತಾಡಿ."

ಗಂಟೆಗಟ್ಟಲೆ ಪ್ರಾರ್ಥಿಸುವವಳು ಕಣ್ಣು ತೆರೆದು, ಜೋಡಿಸಿದ ಕೈ ಬಿಡಿಸಿದಳು.

"ತಪ್ಪಾಯ್ತು. ಬಾಯಿ ತಪ್ಪಿ ಬಂತು ಅಂದಿದ್ದು ಸುಳ್ಳು. ಎಲ್ಲರೂ ಅಳ್ತಾ ಇದ್ರು, ಇನ್ನೂ ಅಳಲಿ ಅನ್ನಿಸ್ತು. ಅದಕ್ಕೇ ನಿನ್ನ ವಿಷಯ ಎತ್ತಿದೆ."

"ನನಗೆ ಅವತ್ತೇ ಗೊತ್ತಾಯ್ತು," ಎಂದಳು ತಂಗಿ. "ನೀವು ಒಪ್ಕೊತೀರೋ ಇಲ್ವೋ ಅಂತ ನೋಡ್ತಿದ್ದೆ." ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಮಗಳು ಒಳಗಿದ್ದಾಳೆ. ಇದನ್ನೇ ಅವಳಿಗೂ ಹೇಳಿ."

ಅಕ್ಕ ಚಪ್ಪಲಿ ಕಳಚಿ ಒಳಗೆ ಹೋದಳು.