ದಾರದೊಳಗಿನ ಸೊಪ್ಪು

ನನ್ನ ತಮ್ಮ ಹೊಳೆನರಸೀಪುರದಲ್ಲಿ ಕಾಲೇಜು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಾನೆ. ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಹೋದ ವರ್ಷ ಮುಂಗಾರು ಶುರುವಾದಾಗ ಅವನು ಮಕ್ಕಳನ್ನು ನಮ್ಮ ಹೊಲಕ್ಕೆ ಕರೆತಂದ. ಬದುವಿನ ಮೇಲೆ ನಾಲ್ಕು ಗೂಟ ನೆಟ್ಟು, ಸುತ್ತ ದಾರ ಕಟ್ಟಿಸಿದ. ಅದರೊಳಗೆ ಎಷ್ಟು ಬಗೆಯ ಗಿಡ, ಎಷ್ಟು ಬಗೆಯ ಹುಳು ಇವೆ ಎಂದು ಅವರು ತಿಂಗಳಿಗೊಮ್ಮೆ ಬಂದು ಎಣಿಸಬೇಕು. ವರ್ಷವಿಡೀ ಯಾರೂ ಕೈಹಾಕದಿದ್ದರೆ ಮಾತ್ರ ಆ ಕೆಲಸಕ್ಕೆ ಬೆಲೆ ಎಂದು ನನಗೂ ಹೇಳಿದ್ದ.

ನಾನು ಟೀ ತೆಗೆದುಕೊಂಡು ಹೋದಾಗ ಪಾಠ ನಡೆದಿತ್ತು. ಹೊನಗೊನೆ ಸೊಪ್ಪು ಯಾಕೆ ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ? ಎತ್ತರಕ್ಕೆ ಬೆಳೆದದ್ದನ್ನು ದನ ಮೇಯ್ದುಬಿಡುತ್ತವೆ. ತಗ್ಗಿಕೊಂಡದ್ದು ಉಳಿದು ಬೀಜ ಬಿಡುತ್ತದೆ. ಎಷ್ಟೋ ತಲೆಮಾರಾದ ಮೇಲೆ ಆ ಜಾತಿಯೇ ಹಾಗಾಗುತ್ತದೆ. ಚೆನ್ನಾಗಿಯೇ ಹೇಳಿದ. ಆಮೇಲೆ ಬಾಯಿ ತಿರುಗದ ಒಂದು ಉದ್ದನೆಯ ಹೆಸರು ಹೇಳಿ, "ಹಳ್ಳಿಯವರು ಇದನ್ನ ಹೊನಗೊನೆ ಅಂತಾರೆ" ಎಂದ.

ಯಾವ ಹಳ್ಳಿಯವರು? ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅಣ್ಣೆ, ಕನ್ನೆ, ಗಣಿಕೆ ಎಂದು ಒಂದೊಂದು ಸೊಪ್ಪನ್ನೂ ಮುಟ್ಟಿಸಿ ಕಲಿಸಿದವಳು ನಾನು. ಮಕ್ಕಳು ಅವನ ಬಾಯನ್ನೇ ನೋಡುತ್ತಿದ್ದರು. ನನ್ನ ಕಡೆ ನೋಡಿದ್ದು ಖಾಲಿ ಲೋಟ ವಾಪಸ್ ಕೊಡಲು ಮಾತ್ರ. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ.

ಎರಡು ಸಲ ಎಣಿಸಿ ಹೋದರು. ಮೂರನೆಯ ಸಲ ಬರುವ ದಿನ ಬೆಳಿಗ್ಗೆ ನಾನು ಬುಟ್ಟಿ ಹಿಡಿದು ಬದುವಿಗೆ ಹೋದೆ. ಯಾರೂ ಮುಟ್ಟದ ಸೊಪ್ಪು ಹುಲುಸಾಗಿ ನಿಂತಿತ್ತು. ದಾರ ದಾಟಿ ಕೂತು ಅಷ್ಟನ್ನೂ ಕಿತ್ತು, ಮನೆಗೆ ಬಂದು ಬೆರಕೆಸೊಪ್ಪಿನ ಸಾರಿಗೆ ಇಟ್ಟೆ.

ಹನ್ನೊಂದು ಗಂಟೆಗೆ ಬಂದರು. ನನ್ನನ್ನೂ ಕರೆಸಿದರು.

"ಅಕ್ಕ, ಏನಾಯ್ತು ಇಲ್ಲಿ?" ಎಂದ ತಮ್ಮ.

"ಕರ ಹಗ್ಗ ಬಿಚ್ಕಂಡಿತ್ತು ಕಣಪ್ಪ. ನಾ ನೋಡೋ ಅಷ್ಟ್ರಲ್ಲಿ ನುಗ್ಬುಟ್ಟಿತ್ತು."

ಒಬ್ಬ ಹುಡುಗಿ ಕುಕ್ಕರಗಾಲಲ್ಲಿ ಕೂತು ನೋಡಿದಳು. "ಸಾ, ಗರಿಕೆ ಅಂಗೇ ಐತೆ. ನಮ್ಮನೇಲೂ ಎರಡು ಕರ ಅವೆ. ಗರಿಕೆ ಬುಟ್ಟು ಗಣಿಕೆ ತಿನ್ನೋ ಕರನ ನಾನೆಲ್ಲೂ ಕಂಡಿಲ್ಲ."

"ಸಾರು ಮಾಡಕೆ ಕಿತ್ಕಂಡೋಗಿರ್ಬೇಕು ಬುಡೇ, ಮುದ್ದೆಗೆ!" ಎಂದ ಪಕ್ಕದ ಹುಡುಗ. ಎಲ್ಲರೂ ನಕ್ಕರು.

ತಮ್ಮ ನಗಲಿಲ್ಲ. ನನ್ನ ಕೈ ನೋಡಿದ. ಸೊಪ್ಪಿನ ಕರೆ ಇನ್ನೂ ಉಗುರಿನ ಸಂದಿಯಲ್ಲಿತ್ತು. ನಾನು ಸೆರಗಿನಲ್ಲಿ ಕೈ ಸುತ್ತಿಕೊಂಡೆ.

"ಕರ ಮೇಯ್ತು ಅಂತ ಬರ್ಕೊಳ್ಳೋದಾ ಸಾ?"

"ನೋಡಿದ್ದನ್ನಷ್ಟೇ ಬರ್ಕೊಳಿ. ಸೊಪ್ಪು ಹೋಗಿದೆ, ಗರಿಕೆ ಇದೆ. ಯಾರಿಂದ ಅಂತ ಗೊತ್ತಿಲ್ಲ."

ಗೊತ್ತಿತ್ತು ಅವನಿಗೆ. ಮಕ್ಕಳೆದುರು ನನ್ನ ಮಾನ ಕಾಯಲು, ಗೊತ್ತಿದ್ದದ್ದನ್ನು ಗೊತ್ತಿಲ್ಲ ಎಂದು ಬರೆಸಿದ. ಊಟಕ್ಕೆ ನಿಲ್ಲದೆ ಗೂಟ ಕೀಳಿಸಿಕೊಂಡು ಹೋದ.

ಈ ವರ್ಷ ಅವನ ಕಾಲೇಜು ಮಕ್ಕಳು ಹಳ್ಳಿಮೈಸೂರಿನ ಕಡೆ ಯಾರದೋ ಬದುವಿನಲ್ಲಿ ಎಣಿಸುತ್ತಿದ್ದಾರೆ. ಹಬ್ಬಕ್ಕೆ ತಮ್ಮ ಬರುತ್ತಾನೆ, ಉಣ್ಣುತ್ತಾನೆ, ಮಾತಾಡುತ್ತಾನೆ. ಆ ದಿನದ ವಿಷಯ ಅವನು ಎತ್ತುವುದಿಲ್ಲ. ಎತ್ತಿ ಬೈದಿದ್ದರೆ ನಾನೂ ಎರಡು ಮಾತು ಆಡಿ, ಅತ್ತು, ಒಪ್ಪಿಕೊಂಡುಬಿಡುತ್ತಿದ್ದೆ.